ಚೇಂಬರ್ಸ್ ಬೀದಿಯ ಸಾಲು

1857ರ ಅಕ್ಟೋಬರ್. ನ್ಯೂಯಾರ್ಕಿನ ಚೇಂಬರ್ಸ್ ಬೀದಿ, 51ನೇ ನಂಬರಿನ ಎದುರು ನೀವು ಸಾಲಿನಲ್ಲಿ ನಿಂತಿದ್ದೀರಿ. ಸಾಲು ಕದಲುತ್ತಿಲ್ಲ. ಹಿಂದಿನವರ ಮೊಣಕೈ ಬೆನ್ನಿಗೆ ತಿವಿಯುತ್ತಿದೆ. ಶಾಲಿನೊಳಗೆ ಎದೆಗವಚಿಕೊಂಡ ಪಾಸ್‌ಬುಕ್ಕು ಬೆವರಿಗೆ ಮೆತ್ತಗಾಗಿದೆ. ಆಚೆ ಬ್ರಾಡ್‌ವೇ ಮೂಲೆಯಲ್ಲಿ ಎ. ಟಿ. ಸ್ಟೂವರ್ಟನ ಅಮೃತಶಿಲೆಯ ಜವಳಿ ಅಂಗಡಿ ಬೆಳ್ಳಗೆ ಹೊಳೆಯುತ್ತಿದೆ. ಅವನೂ ಐರ್ಲೆಂಡಿನಿಂದ ಬಂದವನೇ. ಈ ಸಾಲಿನಲ್ಲಿ ಮಾತ್ರ ಇಲ್ಲ.

ನೀವೊಬ್ಬ ಮನೆಗೆಲಸದ ಹೆಣ್ಣುಮಗಳು ಎಂದಿಟ್ಟುಕೊಳ್ಳಿ. ಊರು ಐರ್ಲೆಂಡಿನ ಕೆರ್ರಿ ಕೌಂಟಿಯ ಕೆನ್ಮೇರ್ ಸೀಮೆ. ಯಜಮಾನರ ಮನೆಯಲ್ಲಿ ಊಟ ಬಡಿಸುವಾಗ ಕಿವಿಗೆ ಬಿದ್ದದ್ದು ಅರ್ಧಂಬರ್ಧ: ಆಗಸ್ಟ್‌ನಲ್ಲಿ ಓಹಾಯೊ ಲೈಫ್ ಎಂಬ ದೊಡ್ಡ ಕಂಪನಿ ಮುಳುಗಿತಂತೆ. ಕ್ಯಾಲಿಫೋರ್ನಿಯಾದ ಚಿನ್ನ ಹೊತ್ತು ಬರುತ್ತಿದ್ದ ಸೆಂಟ್ರಲ್ ಅಮೆರಿಕಾ ಹಡಗು ಸೆಪ್ಟೆಂಬರ್‌ನ ಬಿರುಗಾಳಿಗೆ ಸಿಕ್ಕಿ ನಿಜಕ್ಕೂ ಸಮುದ್ರದ ತಳ ಸೇರಿತಂತೆ. ಅದಕ್ಕೂ ನಿಮ್ಮ ಗಂಟಿಗೂ ಏನು ಸಂಬಂಧವೋ ಗೊತ್ತಿಲ್ಲ. ಆದರೆ ನಿಮ್ಮ ಪಕ್ಕದ ಓಣಿಯ ಕೆರ್ರಿಯವಳು ನಿನ್ನೆಯೇ ಖಾತೆ ಮುಚ್ಚಿ ಬಂದಳು. "ನೀನಿನ್ನೂ ಹೋಗಿಲ್ಲವೇನೇ?" ಎಂದು ಕೇಳಿದಳು, ಅಷ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ಎಮಿಗ್ರಂಟ್ ಇಂಡಸ್ಟ್ರಿಯಲ್ ಸೇವಿಂಗ್ಸ್ ಬ್ಯಾಂಕು ಶುರುವಾಗಿ ಏಳು ವರ್ಷ. 1850ರಲ್ಲಿ ಐರಿಷ್ ವಲಸಿಗರ ಸಂಘದವರು ಆರ್ಚ್‌ಬಿಷಪ್ ಜಾನ್ ಹ್ಯೂಸ್ ಅವರ ಒತ್ತಾಸೆಯಿಂದ ಕಟ್ಟಿದ್ದು. ಖಾತೆ ತೆರೆದ ದಿನ ನಿಮಗೆ ನೆನಪಿದೆ. ಗುಮಾಸ್ತ ದಪ್ಪ ಪುಸ್ತಕವೊಂದನ್ನು ತೆರೆದು ತಲೆಯೆತ್ತದೆ ಕೇಳಿದ: ಯಾವ ಕೌಂಟಿ? ಯಾವ ಪ್ಯಾರಿಷ್? ಯಾವ ಹಡಗಿನಲ್ಲಿ, ಯಾವ ವರ್ಷ ಬಂದಿರಿ? ಅಪ್ಪನ ಹೆಸರು? ತಾಯಿಯ ತವರಿನ ಹೆಸರು? ಒಡಹುಟ್ಟಿದವರು ಎಷ್ಟು ಜನ, ಎಲ್ಲಿದ್ದಾರೆ? ಯಾರು ಬದುಕಿದ್ದಾರೆ?

ದುಡ್ಡು ಇಡಲು ಬಂದವಳನ್ನು ಸತ್ತವರ ಲೆಕ್ಕ ಕೇಳುವುದೇಕೆ ಎಂದು ಆಗ ಅನ್ನಿಸಿತ್ತು. ಕಾರಣ ಸರಳ. ಕೆನ್ಮೇರ್ ಕಡೆಯವರಲ್ಲಿ ಎಲ್ಲಿ ನೋಡಿದರೂ ಸಲಿವನ್, ಎಲ್ಲಿ ನೋಡಿದರೂ ಶೇ. ಸಹಿ ಹಾಕಲು ಬಾರದ ಮೇರಿ ಸಲಿವನ್‌ಗಳು ನಾಲ್ಕು ಜನ ಬಂದರೆ ಯಾರ ದುಡ್ಡು ಯಾರಿಗೆ ಕೊಡುವುದು? ಹಣ ವಾಪಸ್ ಕೇಳಿದಾಗ ಗುಮಾಸ್ತ ಇದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾನೆ. ಕದ್ದ ಪಾಸ್‌ಬುಕ್ ಹಿಡಿದು ಬಂದವಳಿಗೆ ನಿಮ್ಮ ತಾಯಿಯ ತವರಿನ ಹೆಸರು ಗೊತ್ತಿರುವುದಿಲ್ಲ. ಆ ಪುಸ್ತಕಕ್ಕೆ ಟೆಸ್ಟ್ ಬುಕ್ ಎಂದೇ ಹೆಸರು.

ಸಾಲು ಒಂದು ಹೆಜ್ಜೆ ಸರಿಯಿತು.

ನೀವು ಇಲ್ಲಿಗೆ ಬಂದದ್ದೂ ಒಂದು ಲೆಕ್ಕದ ಫಲವೇ. 1845ರಿಂದ ಆಲೂಗೆಡ್ಡೆಗೆ ರೋಗ ಬಿದ್ದು, ಸುಮಾರು ಹತ್ತು ಲಕ್ಷ ಜನ ಸತ್ತು, ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟ ಕಾಲ. ಕಾನೂನಿನ ಪ್ರಕಾರ ವರ್ಷಕ್ಕೆ 4 ಪೌಂಡ್ ಅಥವಾ ಅದಕ್ಕೂ ಕಡಿಮೆ ಬೆಲೆಯ ಹಿಡುವಳಿಗಳ ಮೇಲೆ ಬಡವರ ಪೋಷಣೆಗೆಂದು ಹಾಕಿದ ತೆರಿಗೆಯನ್ನು ಜಮೀನ್ದಾರನೇ ತುಂಬಬೇಕು. ಪುಟ್ಟ ಒಕ್ಕಲು ಹೆಚ್ಚಿದಷ್ಟೂ ಅವನಿಗೆ ಹೊರೆ. ಕೆನ್ಮೇರ್ ಸೀಮೆಯ ಒಡೆಯ ಲಾನ್ಸ್‌ಡೌನ್ ಮಾರ್ಕ್ವಿಸ್, ಲಂಡನ್ನಿನ ಮಂತ್ರಿಮಂಡಲದಲ್ಲಿ ಇದ್ದವನು. ಅವನ ಏಜೆಂಟ್ ವಿಲಿಯಂ ಸ್ಟೂವರ್ಟ್ ಟ್ರೆಂಚ್ ಲೆಕ್ಕ ಹಾಕಿದ: ನಿರ್ಗತಿಕರನ್ನು ಇಡುವ ವರ್ಕ್‌ಹೌಸಿನಲ್ಲಿ ತಲೆಗೆ ವರ್ಷಕ್ಕೆ 5 ಪೌಂಡ್ ಖರ್ಚು, ಅದೂ ಪ್ರತಿವರ್ಷ. ಅಮೆರಿಕಕ್ಕೆ ಸಾಗಹಾಕಿದರೆ ಅದಕ್ಕಿಂತ ಕಡಿಮೆ, ಅದೂ ಒಂದೇ ಸಲ. 1851ರಲ್ಲಿ ವಾರಕ್ಕೆ ಇನ್ನೂರರಂತೆ ಜನ ಹೊರಟರು. ಒಟ್ಟು 4,600 ಜನರನ್ನು 14,000 ಪೌಂಡಿಗೂ ಕಡಿಮೆ ಖರ್ಚಿನಲ್ಲಿ ಕಳಿಸಿದೆ ಎಂದು ಅವನು ಆಮೇಲೆ ಪುಸ್ತಕದಲ್ಲಿ ಬರೆದುಕೊಂಡ. ಆ ಬರಹದಲ್ಲಿ ನಾಚಿಕೆಯ ಸುಳಿವೂ ಇಲ್ಲ.

ನ್ಯೂಯಾರ್ಕಿನಲ್ಲಿ ನಿಮ್ಮವರು ಬಂದು ಬಿದ್ದದ್ದು ಫೈವ್ ಪಾಯಿಂಟ್ಸ್ ಎಂಬ ಕೊಳೆಗೇರಿಗೆ, ಬ್ಯಾಂಕಿನಿಂದ ನಡೆದರೆ ಸ್ವಲ್ಪವೇ ದೂರ. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ, ಅದರ ಮೇಲೆ ಬಾಡಿಗೆಗೆ ಮಲಗುವವರು. ಆ ಓಣಿಗಳನ್ನು ನೋಡಿ ಮೂಗು ಮುಚ್ಚಿಕೊಂಡು ಬರೆದವರು ಬೇಕಾದಷ್ಟು. ಆ ಕೋಣೆಗಳಿಂದ ಎದ್ದು ಬಂದವರೇ ಚೇಂಬರ್ಸ್ ಬೀದಿಯ ಕೌಂಟರಿನಲ್ಲಿ ನೂರು ಡಾಲರ್, ಕೆಲವರು ಅದಕ್ಕೂ ಹೆಚ್ಚು, ಕೂಡಿಟ್ಟಿದ್ದರು ಎಂಬುದನ್ನು ಲೋಕಕ್ಕೆ ತೋರಿಸಿದ್ದು ಇತಿಹಾಸಕಾರ ಟೈಲರ್ ಆನ್‌ಬಿಂಡರ್. ಮುಂದೆ ಅವರು ಡಬ್ಲಿನ್ನಿನ ಕಾರ್ಮಾಕ್ ಓ ಗ್ರಾಡಾ, ಅಮೆರಿಕದ ಸಿಮೋನ್ ವೆಗ್ಗೆ ಜತೆ ಸೇರಿ ಇದೇ ಟೆಸ್ಟ್ ಬುಕ್ಕಿನ ಹೆಸರುಗಳನ್ನು ಜನಗಣತಿಯ ಹಾಳೆಗಳಿಗೆ ಜೋಡಿಸಿದರು. ಬರಗಾಲದವರು ಕೂಲಿಯಾಗಿ ಬಂದು ಕೂಲಿಯಾಗಿಯೇ ಸತ್ತರು ಎಂಬ ಹಳೆಯ ಕಥೆ ಆ ಹಾಳೆಗಳ ಮುಂದೆ ಪೂರ್ತಿ ನಿಲ್ಲುವುದಿಲ್ಲ. ಗಾಡಿ ತಳ್ಳುತ್ತಿದ್ದವರು ಅಂಗಡಿ ಇಟ್ಟರು, ಹೆಂಡದಂಗಡಿ ನಡೆಸಿದರು. ಎಲ್ಲರೂ ಅಲ್ಲ, ಆದರೆ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಜನ.

ಈಗ ಸಾಲಿನತ್ತ ಕಿವಿಗೊಡಿ. ನಿಮ್ಮ ಮುಂದಿನ ಇಬ್ಬರು ಮಾತಾಡುತ್ತಿರುವುದು ಐರಿಷ್‌ನಲ್ಲಿ, ನಿಮ್ಮ ಸೀಮೆಯದೇ ರಾಗ. ಕೌಂಟರಿನ ಬಳಿ ಉಸಿರುಗಟ್ಟಿ ನಿಂತ ಗಂಡಸು ಯಾವ ಕೌಂಟಿಯವನೋ ನಿಮಗೆ ಗೊತ್ತಿಲ್ಲ. ಆದರೆ ಅವನ ಹಿಂದಿರುವವನನ್ನು ಅವನು ಹೆಸರು ಹಿಡಿದು ಕರೆದ. ಅರ್ಥಶಾಸ್ತ್ರಜ್ಞ ಮಾರ್ಗನ್ ಕೆಲ್ಲಿ ಮತ್ತು ಓ ಗ್ರಾಡಾ ಕೈ ಹಾಕಿದ್ದು ಈ ಪರಿಚಯದ ಎಳೆಗೇ. 1854ರಲ್ಲೂ ಇದೇ ಬ್ಯಾಂಕಿಗೆ ಜನ ಮುಗಿಬಿದ್ದಿದ್ದರು. ಎರಡೂ ಸಲ ಯಾರು ಓಡಿಬಂದರು, ಯಾರು ಸುಮ್ಮನೆ ಕೂತರು ಎಂಬುದನ್ನು ಅವರು ಖಾತೆ ಖಾತೆ ತೆಗೆದು ನೋಡಿದರು. ಐರ್ಲೆಂಡಿನಲ್ಲಿ ಹುಟ್ಟಿದ ಜಾಗ ಮತ್ತು ನ್ಯೂಯಾರ್ಕಿನಲ್ಲಿ ಇರುವ ಬೀದಿ, ಇವೆರಡೂ ಹೆಣೆದ ಒಡನಾಟವೇ ಎಲ್ಲಕ್ಕಿಂತ ಬಲವಾಗಿ ಕೆಲಸ ಮಾಡಿತ್ತು. ಒಂದು ಸೀಮೆಯವರು ಒಟ್ಟಿಗೆ ಹೆದರಿದರು, ಇನ್ನೊಂದು ಸೀಮೆಯವರು ಒಟ್ಟಿಗೆ ಧೈರ್ಯವಾಗಿದ್ದರು. ಗಾಬರಿಯನ್ನು ಮಂದೆಯ ಬುದ್ಧಿ ಎಂದು ತಳ್ಳಿಹಾಕುವ ಅರ್ಥಶಾಸ್ತ್ರಜ್ಞರು ಈ ಸಾಲಿನಲ್ಲೊಮ್ಮೆ ನಿಲ್ಲಬೇಕಿತ್ತು. ಬ್ಯಾಂಕಿನ ಹಣ ಯಾವ ಸಾಲಪತ್ರದಲ್ಲಿ ಕೂತಿದೆ ಎಂದು ತಿಳಿಯುವ ದಾರಿಯೇ ಇಲ್ಲದವರು ನಂಬಿಕಸ್ಥ ಊರಿನವರನ್ನು ಕೇಳದೆ ಇನ್ಯಾರನ್ನು ಕೇಳಬೇಕು?

ಬಲ್ಲವರು ಹೆದರಲಿಲ್ಲವೆಂದೇನಲ್ಲ. ಓ ಗ್ರಾಡಾ ಮತ್ತು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಯೂಜೀನ್ ವೈಟ್ ದಿನದಿನದ ಲೆಕ್ಕ ಬಿಡಿಸಿದಾಗ ಕಂಡದ್ದು: 1854ರದ್ದು ಬಾಯಿಂದ ಬಾಯಿಗೆ ಹರಡಿ ಅಲ್ಲಿಗೇ ಆರಿದ ದಿಗಿಲು. 1857ರಲ್ಲಿ ಮೊದಲು ಬಂದು ಹಣ ತೆಗೆದವರು ವ್ಯಾಪಾರಸ್ಥರು, ಹಣಕಾಸಿನ ಒಳಮರ್ಮ ತಿಳಿದವರು. ನಿಮ್ಮಂಥವರು ಬಂದದ್ದು ಅವರ ಹಿಂದೆ.

ಕೌಂಟರ್ ಬಂತು. ತಾಯಿಯ ತವರಿನ ಹೆಸರು? ಹೇಳುತ್ತೀರಿ. ಗುಮಾಸ್ತ ಪುಟದ ಮೇಲೆ ಬೆರಳಿಟ್ಟು ತಲೆಯಾಡಿಸುತ್ತಾನೆ. ಇನ್ನು ಕೆಲವೇ ದಿನಗಳಲ್ಲಿ, ಅಕ್ಟೋಬರ್ ನಡುವಿಗೆ, ನಗರದ ವಾಣಿಜ್ಯ ಬ್ಯಾಂಕುಗಳು ನೋಟಿಗೆ ಚಿನ್ನ ಕೊಡುವುದನ್ನೇ ನಿಲ್ಲಿಸುತ್ತವೆ. ಈ ಉಳಿತಾಯ ಬ್ಯಾಂಕು ಮಾತ್ರ ಬಾಗಿಲು ಹಾಕದೆ ಉಳಿದುಕೊಳ್ಳುತ್ತದೆ. ಅದರ ಪುಸ್ತಕಗಳು ಈಗ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ.

ಆ ಪುಸ್ತಕಗಳನ್ನು ಓದುವಾಗ ಒಂದು ಎಚ್ಚರ ಬೇಕು. ಕೆನ್ಮೇರ್ ವರ್ಕ್‌ಹೌಸಿನಲ್ಲಿ ಸತ್ತವರು, ಹಡಗಿನಲ್ಲಿ ಜ್ವರಕ್ಕೆ ಸಿಕ್ಕವರು ಖಾತೆ ತೆರೆಯಲಿಲ್ಲ. ದುಡಿದೂ ಖಾತೆ ತೆರೆಯದವರು ಇನ್ನೊಂದು ಬಗೆ. ಈ ಬ್ಯಾಂಕನ್ನು ಕಟ್ಟಿದ ಸಂಘವೇ ಐರ್ಲೆಂಡಿಗೆ ಹಣ ಕಳಿಸುವ ಹುಂಡಿಗಳನ್ನೂ ಮಾರುತ್ತಿತ್ತು. ತಿಂಗಳ ಸಂಬಳವನ್ನೆಲ್ಲ ತಂಗಿಯ ಹಡಗಿನ ಟಿಕೆಟ್ಟಿಗೆ, ಅಪ್ಪನ ಗೇಣಿಗೆ ಕಳಿಸಿದವಳ ಹೆಸರಿನಲ್ಲಿ ಚೇಂಬರ್ಸ್ ಬೀದಿಯಲ್ಲಿ ಒಂದು ಸೆಂಟೂ ಇರಲಿಕ್ಕಿಲ್ಲ. ಅವಳ ಉಳಿತಾಯವನ್ನು ಹುಡುಕಬೇಕಾದರೆ ಕೆರ್ರಿಯ ಗೇಣಿ ರಸೀದಿಗಳಲ್ಲಿ, ಮುಂದಿನ ಹಡಗುಗಳ ಪ್ರಯಾಣಿಕರ ಪಟ್ಟಿಯಲ್ಲಿ ಹುಡುಕಬೇಕು.