ಹಸಿರು ಗುರಿ, ಮುಚ್ಚಿದ ಬಾಯಿ

ಇಂಥ ವರ್ಷದೊಳಗೆ ಇಷ್ಟು ನೀರು ಉಳಿಸ್ತೀವಿ ಅಂತ ನಮ್ಮ ಆಫೀಸಿನ ಲಿಫ್ಟ್ ಪಕ್ಕ ಒಂದು ಪೋಸ್ಟರ್ ಇತ್ತು. ಈಗಿಲ್ಲ. ಗುರಿ ಕೈಬಿಟ್ರಾ ಅಂತ ಕೇಳಿದೆ. "ಇಲ್ಲಪ್ಪ, ಕೆಲಸ ನಡೀತಿದೆ. ಹೊರಗೆ ಹೇಳ್ತಿಲ್ಲ ಅಷ್ಟೆ" ಅಂದರು.

ಇದಕ್ಕೆ ಗ್ರೀನ್‌ಹಶಿಂಗ್ ಅಂತ ಹೆಸರು. ಮಾಡದ್ದನ್ನು ಮಾಡಿದೆ ಅಂತ ಕೊಚ್ಚಿಕೊಳ್ಳೋದು ಗ್ರೀನ್‌ವಾಶಿಂಗ್. ಮಾಡ್ತಿರೋದನ್ನೂ ಹೇಳದೆ ಕೂರೋದು ಇದು. 2022ರಲ್ಲಿ ಸೌತ್ ಪೋಲ್ ಎಂಬ ಸಂಸ್ಥೆ 12 ದೇಶಗಳ 1,200ಕ್ಕೂ ಹೆಚ್ಚು ಕಂಪನಿಗಳನ್ನು ವಿಚಾರಿಸಿತು. ಹೆಚ್ಚುಕಮ್ಮಿ ನಾಲ್ಕರಲ್ಲೊಂದು ಕಂಪನಿ, ಗುರಿ ಇದೆ, ಆದರೆ ಪ್ರಚಾರ ಮಾಡಲ್ಲ ಅಂದಿತು.

ಕಾರಣ ನಮ್ಮ ಕಡೆಯವರಿಗೆ ಬೇಗ ಅರ್ಥ ಆಗುತ್ತೆ. ಮದ್ದೂರಿನ ಹತ್ತಿರ ಯಾವುದಾದರೂ ಕಬ್ಬಿನ ಗದ್ದೆ ಮುಂದೆ ನಿಂತು, "ಎಷ್ಟು ಟನ್ ಬರಬಹುದಣ್ಣ?" ಅಂತ ಕೇಳಿ. "ಏನೋ ಬತ್ತದೆ ಬುಡಪ್ಪ" ಅಂತಾರೆ. ಹೇಳಿ ಕಮ್ಮಿಯಾದರೆ ಊರೇ ನಗುತ್ತೆ. ಕಂಪನಿಗೂ ಅದೇ ಭಯ. ಏನೂ ಹೇಳದವರನ್ನು ಯಾರೂ ಕೇಳಲ್ಲ. ನೂರು ಅಂತ ಹೇಳಿ ಎಂಬತ್ತು ಮಾಡಿದವರನ್ನು ಎಲ್ಲರೂ ಹಿಡ್ಕೋತಾರೆ. ಜೊತೆಗೆ, ಮುಂದಿನ ಗುರಿಯನ್ನು ಜಾಹೀರು ಮಾಡಬೇಕಾದರೆ ಅದನ್ನು ಮುಟ್ಟುವ ಸ್ಪಷ್ಟ ಯೋಜನೆಯೂ ಇರಬೇಕು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ತಂದಿತು. ಸುಮ್ಮನಿರೋದೇ ಸೇಫ್ ಅಂತ ಅನ್ನಿಸೋದು ಸಹಜ.

ಆದರೆ ಕಬ್ಬು ಅವರವರದ್ದು, ನೀರು ಹಾಗಲ್ಲ. ಮದ್ದೂರು, ಮಳವಳ್ಳಿ ಎರಡೂ ವಿಶ್ವೇಶ್ವರಯ್ಯ ನಾಲೆಯ ಕಡೇ ಭಾಗ. ನೀರು ಎಂದು ಬಿಡ್ತಾರೆ, ಎಷ್ಟು ದಿನ ಬಿಡ್ತಾರೆ ಅಂತ ಮೊದಲೇ ಗೊತ್ತಾದರೆ ಭತ್ತವೋ ರಾಗಿಯೋ ತೀರ್ಮಾನ ಮಾಡಬಹುದು. "ಬಿಡ್ತೀವಿ, ಆದ್ರೆ ಈಗ ಹೇಳಲ್ಲ" ಅಂದರೆ ಒಟ್ಲು ಹಾಕಿ ಆಕಾಶ ನೋಡಬೇಕು.

ಬೆಂಗಳೂರಿಗೆ ಬರೋ ಕಾವೇರಿಯನ್ನು ಪಂಪ್ ಮಾಡೋದು ಇದೇ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. 2024ರಲ್ಲಿ ಉದ್ಘಾಟನೆಯಾದ ಐದನೇ ಹಂತದ ಸಾಮರ್ಥ್ಯವೊಂದೇ ದಿನಕ್ಕೆ 77.5 ಕೋಟಿ ಲೀಟರ್. ಹಾಗಿರುವಾಗ ನಮ್ಮ ಆಫೀಸು ಎಷ್ಟು ನೀರು ಉಳಿಸುತ್ತೆ ಅನ್ನೋದು ಆಫೀಸಿನ ಒಳಗುಟ್ಟು ಹೇಗಾಗುತ್ತೆ?

ಷೇರುಪೇಟೆಯ ಅಗ್ರ 1,000 ಕಂಪನಿಗಳಿಗೆ ಸೆಬಿ 2022-23ರಿಂದ ಬಿಆರ್‌ಎಸ್‌ಆರ್ ವರದಿ ಕಡ್ಡಾಯ ಮಾಡಿದೆ. ನೀರಿನ ಲೆಕ್ಕ, ಗುರಿ ಏನು, ಎಷ್ಟು ಮುಟ್ಟಿದಿರಿ ಎಲ್ಲವನ್ನೂ ಅದು ಕೇಳುತ್ತೆ. ನಿಮ್ಮ ಕಂಪನಿ ಆ ಪಟ್ಟಿಯಲ್ಲಿದ್ದರೆ ಒಮ್ಮೆ ತೆಗೆದು ಓದಿ. ಇಲ್ಲದಿದ್ದರೆ ಮುಂದಿನ ಟೌನ್‌ಹಾಲ್‌ನಲ್ಲಿ ಕೈ ಎತ್ತಿ. ಎಂಬತ್ತೇ ಆಯ್ತು ಅಂತ ಯಾರಾದರೂ ಧೈರ್ಯವಾಗಿ ಹೇಳಿದರೆ ನಗಬೇಡಿ, ಉಳಿದ ಇಪ್ಪತ್ತು ಯಾವಾಗ ಅಂತ ಕೇಳಿ.