ಲುಂಪಿನಿಯಲ್ಲಿ ಒಂದು ಶುಕ್ರವಾರ

ಬ್ಯಾಂಕಾಕಿಗೆ ಹೋಗಿ ಬಂದವರು ಪಚ್ಚೆ ಬುದ್ಧ, ಮಲಗಿದ ಬುದ್ಧ, ತೇಲುವ ಸಂತೆ ಎಂದು ಬರೆಯುವುದು ವಾಡಿಕೆ. ನಾನೂ ಅವನ್ನೆಲ್ಲ ಕಾಲು ನೋಯುವಷ್ಟು ನಡೆದು ನೋಡಿದೆ. ಆದರೆ ಓದುಗರೇ, ಇಲ್ಲಿ ಹೇಳಹೊರಟಿರುವುದು ಆ ಊರಿನ ಎರಡು ಹೊಡೆದಾಟದ ಅಖಾಡಗಳ ವಿಷಯ. ಡೊಂಬಿವಲಿಯ ಗೃಹಿಣಿಗೆ, ಅದೂ ಐವತ್ತು ದಾಟಿದವಳಿಗೆ, ಅಲ್ಲೇನು ಕೆಲಸ ಎಂದು ನೀವು ಹುಬ್ಬೇರಿಸಬಹುದು. ಕೆಲಸವಿತ್ತು.

ನನ್ನ ಮಗಳು ಎಂ.ಎಂ.ಎ. ಕಲಿಯುತ್ತಾಳೆ. ಗುದ್ದು, ಒದೆತ, ಕುಸ್ತಿ ಮೂರೂ ಬೆರೆತ ಆಟ. ಹಗಲು ಬ್ಯಾಂಕಿನ ನೌಕರಿ, ಸಂಜೆ ಮೈತುಂಬ ನೀಲಿಗಟ್ಟಿದ ಗುರುತು. ಸ್ಪರ್ಧೆಗೆ ಇಳಿಯಬೇಕೆಂದು ಅವಳ ಹಟ, ಕೂಡದೆಂದು ನನ್ನದು. ಅವಳಿಗೊಂದು ಮೆಚ್ಚಿನ ಪಟ್ಟು. ಎದುರಾಳಿಗೆ ಬೆನ್ನು ತಿರುಗಿಸಿ, ಗಿರ್ರನೆ ಸುತ್ತಿ, ಹಿಮ್ಮಡಿಯಿಂದ ಹೊಟ್ಟೆಗೆ ಒದೆಯುವುದು. ಅವಳ ಗುರುಗಳಿಗೂ ಅದು ಹಿಡಿಸದು. "ಬೆನ್ನು ತೋರಿಸಿದೆಯೋ, ಮುಗಿಯಿತು" ಎನ್ನುತ್ತಾರಂತೆ. ಈ ಮೂವರ ಜಗಳದಲ್ಲಿ ಬೇಸತ್ತ ನಮ್ಮವರು, "ಒಮ್ಮೆ ಕಣ್ಣಾರೆ ನೋಡಿ ಬಾ, ಆಮೇಲೆ ಬೇಡ ಅನ್ನು" ಎಂದು 2024ರ ಫೆಬ್ರವರಿಯಲ್ಲಿ ನಮ್ಮಿಬ್ಬರನ್ನೂ ವಿಮಾನ ಹತ್ತಿಸಿದರು.

ಮೊದಲು ಹೋದದ್ದು 1945ರಲ್ಲಿ ತೆರೆದ ರಾಜದಮ್ನೆರ್ನ್ ಕ್ರೀಡಾಂಗಣಕ್ಕೆ. ಅಲ್ಲಿ ನಡೆಯುವುದು ಥಾಯ್ ಜನರ ಮುವಾಯ್ ಥಾಯ್. ಮುಷ್ಟಿ, ಮೊಣಕೈ, ಮೊಣಕಾಲು, ಕಣಕಾಲು ಎಲ್ಲವೂ ಆಯುಧವೇ. ಕಿವಿ ಮುಚ್ಚಿಕೊಳ್ಳಲು ಸಿದ್ಧಳಾಗಿ ಕುಳಿತ ನನಗೆ ಕೇಳಿಸಿದ್ದು ಓಲಗ! ಅವರ 'ಪೀ' ನಮ್ಮ ಓಲಗದವರ ವಾದ್ಯದ ತಮ್ಮನಂತಿದೆ. ಜೊತೆಗೆ ಎರಡು ಮದ್ದಳೆ, ಒಂದು ಜೊತೆ ತಾಳ. ತಲೆಗೆ ಹಗ್ಗದಂಥ ಸುತ್ತು ಧರಿಸಿದ ಹುಡುಗ ಗುರುವಂದನೆಗಾಗಿ ಮಂಡಿಯೂರಿ, ನಿಧಾನವಾಗಿ ನರ್ತಿಸಿ ರಿಂಗಿನ ನಾಲ್ಕೂ ಮೂಲೆಗೆ ಕೈಮುಗಿದ. ಹೊಡೆತ ಬಿರುಸಾದಂತೆ ತಾಳವೂ ಬಿರುಸಾಗುತ್ತದೆ. ಉಡುಪಿ ಕಡೆ ಗದ್ದೆಯಲ್ಲಿ ಚಾಪೆ ಹಾಸಿಕೊಂಡು ಬಯಲಾಟ ನೋಡಿ ಬೆಳೆದವಳಿಗೆ ಇದೇನೂ ಪರಕೀಯವೆನಿಸಲಿಲ್ಲ.

ಪಟ್ಟುಗಳ ಹೆಸರು ಕೇಳಿದರೆ ನಿಮಗೂ ಹಾಗೆಯೇ ಅನ್ನಿಸೀತು. ಎರಡೂ ಮುಷ್ಟಿಗಳನ್ನು ಒಟ್ಟಿಗೆ ಕೆಳಗಿನಿಂದ ಗದ್ದಕ್ಕೆ ಎತ್ತುವುದು 'ಹನುಮಂತ ಉಂಗುರ ಅರ್ಪಿಸುವುದು'. ರಾಮಾಯಣ ಅಲ್ಲಿ ರಾಮಕಿಯೆನ್ ಆಗಿದೆ, ಹನುಮಂತ ಹನುಮಂತನೇ. ಬೆನ್ನು ತಿರುಗಿಸಿ ಸುತ್ತಿ ಹಿಮ್ಮಡಿ ಬೀಸುವುದು 'ಮೊಸಳೆ ಬಾಲ ಬೀಸುವುದು'. ಮಗಳು ನನ್ನ ತೊಡೆ ಚಿವುಟಿದಳು. ಅವಳ ಪಟ್ಟಿನ ದಾಯಾದಿಯೇ ಅದು.

ಶುಕ್ರವಾರ ಲುಂಪಿನಿ. ಈ ಹೆಸರಿನ ಅಖಾಡ 1956ರಿಂದ ಊರ ನಡುವೆ ಇತ್ತು. 2014ರಲ್ಲಿ ಉತ್ತರದ ರಾಮಿಂದ್ರ ರಸ್ತೆಗೆ ಹೋಯಿತು. ನಡೆಸುವುದು ಥಾಯ್ ಸೇನೆ. ಹೆಂಗಸರು ರಿಂಗನ್ನು ಮುಟ್ಟಬಾರದೆಂಬ ಕಟ್ಟಳೆ ಅಲ್ಲಿ ದಶಕಗಳ ಕಾಲ ಇತ್ತು. 2021ರ ನವೆಂಬರ್‌ನಲ್ಲಷ್ಟೇ ಮೊದಲ ಮಹಿಳಾ ಪಂದ್ಯ ನಡೆಯಿತು. ಇದನ್ನು ಕೇಳಿ, ಬೇಡವೆನ್ನಲು ಬಂದಿದ್ದ ನನಗೇ ಸ್ವಲ್ಪ ಸಿಟ್ಟು ಬಂತೆಂದು ಒಪ್ಪಿಕೊಳ್ಳುತ್ತೇನೆ.

2023ರಿಂದ ಶುಕ್ರವಾರಗಳಂದು ಅಲ್ಲಿ ಮುವಾಯ್ ಥಾಯ್ ಜೊತೆಗೆ ಎಂ.ಎಂ.ಎ. ಪಂದ್ಯಗಳೂ ನಡೆಯುತ್ತಿವೆ. ನಾವು ಕಾದಿದ್ದು ಅದಕ್ಕೇ. ಮೊದಲ ಪಂದ್ಯದ ಯುವಕ ಗಂಟೆ ಬಾರಿಸಿದ ಹತ್ತೇ ಕ್ಷಣದಲ್ಲಿ ಗಿರ್ರನೆ ತಿರುಗಿದ. ಯಕ್ಷಗಾನದ ದಿಗಿಣವೇ ಸರಿ! ಎದುರಾಳಿ ಒಂದು ಹೆಜ್ಜೆ ಒಳನುಗ್ಗಿ, ಹಿಂದಿನಿಂದ ಸೊಂಟ ಹಿಡಿದು ನೆಲಕ್ಕೆ ಅಪ್ಪಳಿಸಿದ. ಮುವಾಯ್ ಥಾಯ್‌ನಲ್ಲಾದರೆ ಬಿದ್ದವನನ್ನು ರೆಫರಿ ಎಬ್ಬಿಸುತ್ತಾನೆ. ಎಂ.ಎಂ.ಎ.ಯಲ್ಲಿ ಬಿದ್ದಮೇಲೆಯೇ ಅರ್ಧ ಆಟ. ಆ ಬಡಪಾಯಿ ನಾಲ್ಕು ನಿಮಿಷ ಕೆಳಗೇ ಉಳಿದು ಪೆಟ್ಟು ತಿಂದ. ನಾನು ಮಗಳ ಮುಖ ನೋಡಿದೆ. ಅವಳು ರಿಂಗನ್ನೇ ನೋಡುತ್ತಿದ್ದಳು.

ಮುಂದಿನ ಪಂದ್ಯದವನು ಬಹಳ ಹೊತ್ತು ಬೇಸರ ಬರುವಷ್ಟು ಸಾದಾ ಆಟ ಆಡಿದ. ಮುಂಗೈಯಿಂದ ಮುಖಕ್ಕೆ ಟಕ್, ಟಕ್, ಟಕ್. ಎದುರಿನವನ ಎರಡೂ ಕೈ ಮೆಲ್ಲನೆ ಮೇಲೇರಿದವು, ಪಕ್ಕೆ ತೆರೆದುಕೊಂಡಿತು. ಎರಡನೇ ಸುತ್ತಿನಲ್ಲಿ ಅದೇ ಕೈ ಮುಂದೆ ಮಾಡಿದವನು ಗುದ್ದುವ ಬದಲು ತಿರುಗಿಬಿಟ್ಟ. ಹಿಮ್ಮಡಿ ಬಲಪಕ್ಕೆಯ ಕೆಳಗೆ ಲಿವರ್ ಇರುವಲ್ಲಿ ಹೊಕ್ಕಿತು. ಪೆಟ್ಟು ತಿಂದವನು ಒಂದು ಕ್ಷಣ ಹಾಗೆಯೇ ನಿಂತು, ಆಮೇಲೆ ಮಡಿಸಿಟ್ಟ ಬಟ್ಟೆಯಂತೆ ಕುಸಿದ. "ಅವನು ಮೊದಲೆಲ್ಲ ಅಷ್ಟು ಗುದ್ದಿದ್ದು ಇದಕ್ಕೋ?" ಎಂದು ಕೇಳಿದೆ. ಮಗಳು ತುಸು ಹೊತ್ತು ಸುಮ್ಮನಿದ್ದು, "ನಾನು ಬರೀ ತಿರುಗುವುದನ್ನೇ ಮಾಡುತ್ತೇನೆ ಅಮ್ಮಾ" ಎಂದಳು. ಗುರುಗಳ ಮಾತು ಅರ್ಧ ಸರಿ ಎಂದು ನನಗೆ ಅರ್ಥವಾದದ್ದೂ ಆಗಲೇ.

ರಾತ್ರಿ ಹೋಟೆಲಿನಲ್ಲಿ ಅವಳು ಫೋನಿನಲ್ಲಿ ಬ್ರೆಜಿಲಿನ ಆಂಡರ್ಸನ್ ಸಿಲ್ವಾನನ್ನು ತೋರಿಸಿದಳು. ಈತ 'ಓಂಗ್ ಬಾಕ್' ಎಂಬ ಥಾಯ್ ಸಿನಿಮಾದಲ್ಲಿ, ಮೊಣಕೈಯನ್ನು ಕೆಳಗಿನಿಂದ ಮೇಲಕ್ಕೆತ್ತಿ ಗದ್ದಕ್ಕೆ ಹೊಡೆಯುವುದನ್ನು ಕಂಡನಂತೆ. ಇದು ನಡೆಯುವುದಲ್ಲವೆಂದು ತರಬೇತುದಾರರು ಹೇಳಿದರೂ ಮನೆಯಲ್ಲಿ ಹೆಂಡತಿಯ ಕೈಯಲ್ಲಿ ದಿಂಬು ಹಿಡಿಸಿ ಅಭ್ಯಾಸ ಮಾಡಿ, 2006ರಲ್ಲಿ ಲಂಡನ್ನಿನಲ್ಲಿ ಟೋನಿ ಫ್ರಿಕ್ಲಂಡ್ ಎಂಬುವನನ್ನು ಅದೇ ಪೆಟ್ಟಿನಿಂದ ಉರುಳಿಸಿದ. ಪಾಪ, ಆ ಹೆಂಡತಿಯ ಕೈ! 2011ರ ಫೆಬ್ರವರಿಯಲ್ಲಿ ಲಾಸ್ ವೇಗಸ್‌ನಲ್ಲಿ ವಿಟೊರ್ ಬೆಲ್‌ಫೋರ್ಟ್‌ನ ಗದ್ದಕ್ಕೆ ನೇರ ಮುಂದೊದೆತ ಕೊಟ್ಟು ಮೊದಲ ಸುತ್ತಿನಲ್ಲೇ ಮುಗಿಸಿದ. ಕರಾಟೆ ತರಗತಿಯ ಮೊದಲ ಪಾಠ, ದೊಡ್ಡವರ ಪಂದ್ಯದಲ್ಲಿ ಯಾರೂ ಲೆಕ್ಕಕ್ಕಿಡದ ಒದೆತ ಅದು. ಅದೇ ಏಪ್ರಿಲ್‌ನಲ್ಲಿ ಲಿಯೋಟೊ ಮಚಿಡಾ ಟೊರಾಂಟೋದಲ್ಲಿ ಅಂಥದನ್ನೇ ಜಿಗಿದು ಒದ್ದು ರ‍್ಯಾಂಡಿ ಕೂಟೂರ್‌ನನ್ನು ಬೀಳಿಸಿದ. ಬೆಲ್‌ಫೋರ್ಟ್ ಒದೆತವನ್ನು ನಾನು ನಾಲ್ಕು ಸಲ ನೋಡಿದೆ. ಸಿಲ್ವಾನ ಕಣ್ಣು ಕೆಳಗಿದೆ. ಕಾಲು ಮಾತ್ರ ಮೇಲೆ ಬರುತ್ತದೆ.

"ಈಗ ಹೇಗಿದ್ದಾನೆ?" ಎಂದು ತಾಯಿಯಾದವಳು ಕೇಳದಿರುವಳೇ? ಹಿಂದೆಮುಂದೆ ನೋಡಿ ಆ ಚಿತ್ರವನ್ನೂ ತೋರಿಸಿದಳು. 2013ರ ಡಿಸೆಂಬರ್‌ನಲ್ಲಿ ಕ್ರಿಸ್ ವೈಡ್‌ಮನ್‌ನ ಕಾಲಿಗೆ ಒದೆಯಹೋಗಿ, ಆತ ಕಾಲೆತ್ತಿ ತಡೆದಾಗ ಸಿಲ್ವಾನ ಕಣಕಾಲೇ ಮುರಿಯಿತು. ಅದು ವಿಚಿತ್ರ ಪಟ್ಟೇನೂ ಅಲ್ಲ, ಎಲ್ಲರೂ ದಿನಬೆಳಗಾದರೆ ಒದೆಯುವ ಸಾದಾ ಒದೆತ. 2015ರಲ್ಲಿ ಮತ್ತೆ ಕಣಕ್ಕಿಳಿದನೆಂದು ಅವಳು ಸಮಾಧಾನ ಹೇಳಿದರೂ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಊರಿಗೆ ಮರಳಿದ ಮೇಲೆ ಒಪ್ಪಿದೆ, ಒಂದು ಷರತ್ತಿನ ಮೇಲೆ. ನಾಲ್ಕು ಸಾದಾ ಗುದ್ದು ಆಗದೆ ಒಂದು ಸುತ್ತು ಕೂಡದು. ಅಜ್ಜಿಮನೆಯಿಂದ ಬಂದ ಬೂರುಗದ ದಿಂಬನ್ನು ಎರಡು ಕೈಯಲ್ಲೂ ಅವುಚಿಕೊಂಡು ಹಾಲಿನ ಗೋಡೆಗೆ ಆತು ನಿಂತು ನಾನೇ ಎಣಿಸಿದ್ದೇನೆ. ಕೆಳಗಿನ ಮನೆಯವರು ಎರಡು ಸಲ ಮೇಲೆ ಬಂದು ವಿಚಾರಿಸಿದರು.

ಅವಳ ಮೊದಲ ಪಂದ್ಯ ಅದೇ ಡಿಸೆಂಬರ್‌ನಲ್ಲಿ ನಡೆಯಿತು. ಮೂರನೇ ಸುತ್ತಿನವರೆಗೂ ಒಮ್ಮೆಯೂ ತಿರುಗಲಿಲ್ಲ. ಆಮೇಲೆ ತಿರುಗಿದಾಗ ಎದುರಿನ ಹುಡುಗಿ ಹೊಟ್ಟೆ ಹಿಡಿದು ಕುಳಿತುಬಿಟ್ಟಳು. ಆದರೂ ಎದ್ದು ಆಡಿದಳು, ಅಂಕಗಳಲ್ಲಿ ಗೆದ್ದವಳೂ ಅವಳೇ. ನನ್ನ ಮಗಳು ಮೂಗಿಗೆ ಹತ್ತಿ ಇಟ್ಟುಕೊಂಡು ಹೊರಗೆ ಬಂದಳು. ಅವಳ ಗುರುಗಳು ನನ್ನ ಬಳಿ ಬಂದು ಕೇಳಿದರು, "ಆ ನಾಲ್ಕು ಗುದ್ದಿನ ಲೆಕ್ಕ ಯಾರು ಹೇಳಿಕೊಟ್ಟದ್ದು?"