ಜೆ.ಸಿ. ರಸ್ತೆಯಲ್ಲಿ ಹಳೆಯ ಕಾರಿಗೆ ಹೊಸ ಕಿವಿ

ಪುರಭವನದಿಂದ ಮಿನರ್ವ ವೃತ್ತದತ್ತ ಸಾಗುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಎರಡು ಮುಖ. ಒಂದು ಕಲೆಯದು. 1935ರಲ್ಲಿ ಕಟ್ಟಿದ ಪುರಭವನ, 1963ರಲ್ಲಿ ಬಾಗಿಲು ತೆರೆದ ರವೀಂದ್ರ ಕಲಾಕ್ಷೇತ್ರ ಇರುವುದು ಇಲ್ಲೇ. ಸಂಜೆ ನಾಟಕಕ್ಕೆ ಬರುವವರಿಗೆ ಕಾಣುವುದು ಈ ಮುಖ. ಹಗಲು ಬಂದವರಿಗೆ ಕಾಣುವುದೇ ಬೇರೆ. ಸೀಟ್ ಕವರ್, ಹಾರ್ನ್, ಸ್ಪೀಕರ್, ದೀಪ, ಬಿಡಿಭಾಗಗಳ ಅಂಗಡಿಗಳು ಸಾಲುಸಾಲು. ಕಾರಿಗೆ ಬೇಕಾದದ್ದು ಇಲ್ಲಿ ಸಿಗದಿದ್ದರೆ ಇನ್ನೆಲ್ಲೂ ಸಿಗದು ಎಂಬುದು ಹಳಬರ ಮಾತು.

ರಸ್ತೆ ಹೊತ್ತಿರುವುದು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು. ಅವರು ಸ್ವತಃ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಜನ ತಮ್ಮ ಕಾರಿಗೆ ಸಂಗೀತ ತುಂಬಿಸಿಕೊಳ್ಳಲು ಬರುವ ರಸ್ತೆಗೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಬೇಕೆ?

ಒಂದು ಶನಿವಾರ ಬೆಳಿಗ್ಗೆ ತುಮಕೂರಿನಿಂದ ಬಂದ ಸಾಂಟ್ರೋ ಕಾರೊಂದು ಇಲ್ಲಿನ ಅಂಗಡಿಯ ಮುಂದೆ ನಿಂತಿತು. 2004ರ ಗಾಡಿ. ಎರಡು ಸಲ ನೋಂದಣಿ ನವೀಕರಿಸಿಕೊಂಡರೂ ಎಂಜಿನ್ ಗಟ್ಟಿಮುಟ್ಟು. ಅದರಲ್ಲಿದ್ದದ್ದು ಕ್ಯಾಸೆಟ್ ಸ್ಟೀರಿಯೊ. ಒಳಗೆ ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳ ಕ್ಯಾಸೆಟ್ ಒಂದು ಸಿಕ್ಕಿಹಾಕಿಕೊಂಡು ವರ್ಷಗಳಾಗಿದ್ದವು. ಓಡಿಸುತ್ತಿದ್ದವರು ತಂದೆ. ಪಕ್ಕದಲ್ಲಿ ಬೆಂಗಳೂರಿನ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುವ ಮಗಳು.

ಅವರು ಬಂದದ್ದು ಹಾಡಿಗಾಗಿ ಅಲ್ಲ. ಹಿಂದಿನ ತಿಂಗಳು ತಂದೆ ಮಗಳನ್ನು ಕರೆತರಲು ಬರುತ್ತಿದ್ದಾಗ, ದಾಬಸ್‌ಪೇಟೆಯ ಹತ್ತಿರ ಸೀಟಿನ ಮೇಲಿದ್ದ ಮೊಬೈಲ್ ರಿಂಗಾಯಿತು. ಎತ್ತಿಕೊಳ್ಳಲು ಕೈ ಚಾಚಿದರು; ಕಣ್ಣೂ ಆ ಕಡೆ ಹೋಯಿತು. ತಲೆ ಎತ್ತುವಷ್ಟರಲ್ಲಿ ಮುಂದಿನ ಲಾರಿಯ ಕೆಂಪು ದೀಪ ಉರಿಯುತ್ತಿತ್ತು. ಕಾರು ನಿಂತದ್ದು ಲಾರಿಗೆ ಒಂದು ಮಾರು ದೂರದಲ್ಲಿ. ಕರೆ ಮಾಡಿದ್ದವಳು ಮಗಳೇ. ಈ ಲೆಕ್ಕ ವಿದ್ಯಾರ್ಥಿಗಳಿಗೆ ಸುಲಭ: ಗಂಟೆಗೆ 60 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಮೂರು ಸೆಕೆಂಡ್ ಮೊಬೈಲ್ ಹುಡುಕಿದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ.

ಅಂಗಡಿಯವರು ಮೂರು ದಾರಿ ತೋರಿಸಿದರು. ಮೊದಲನೆಯದು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸುವ ಪುಟ್ಟ ಎಫ್.ಎಂ. ಟ್ರಾನ್ಸ್‌ಮಿಟರ್. ಕೆಲವು ನೂರು ರೂಪಾಯಿಯ ವಸ್ತು. ಮೊಬೈಲಿನ ಹಾಡನ್ನು ಇದು ಚಿಕ್ಕ ಬಾನುಲಿ ಕೇಂದ್ರದಂತೆ ಪ್ರಸಾರ ಮಾಡುತ್ತದೆ, ಕಾರಿನ ರೇಡಿಯೊ ಹಿಡಿಯುತ್ತದೆ. ಆದರೆ ಅದಕ್ಕೊಂದು ಖಾಲಿ ಜಾಗ ಬೇಕು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಶುರುವಾದದ್ದೇ ಬೆಂಗಳೂರಿನಲ್ಲಿ. ಆಮೇಲೆ ಬಂದ ಕೇಂದ್ರಗಳಿಂದ ಇಲ್ಲಿನ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಸಂತೆಯ ಗದ್ದಲ. ತುಮಕೂರಿನಲ್ಲಿ ಸ್ಪಷ್ಟವಾಗಿ ಕೇಳಿದ ಹಾಡು ಇಲ್ಲಿ ಕೊರಕೊರ ಎನ್ನಬಹುದು.

ಎರಡನೆಯದು ಕ್ಯಾಸೆಟ್ಟಿನ ಆಕಾರದ ಅಡಾಪ್ಟರ್. ಇದರಲ್ಲಿ ಟೇಪ್ ಇರುವುದಿಲ್ಲ, ಒಂದು ಚಿಕ್ಕ ಸುರುಳಿ ಇರುತ್ತದೆ. ಹಾಡಿನ ವಿದ್ಯುತ್ತು ಸುರುಳಿಯಲ್ಲಿ ಹರಿದಾಗ ಹುಟ್ಟುವ ಬದಲಾಗುವ ಕಾಂತಕ್ಷೇತ್ರವನ್ನು ಸ್ಟೀರಿಯೊದ ಹೆಡ್ ಟೇಪಿನದೆಂದೇ ನಂಬಿ ಓದುತ್ತದೆ. ಫ್ಯಾರಡೆ ಹೇಳಿದ ಪ್ರೇರಣೆಯ ಪಾಠ ಇದೇ. ಆದರೆ ಅನಂತಸ್ವಾಮಿಯವರು ಜಾಗ ಬಿಡಬೇಕಲ್ಲ!

ಮೂರನೆಯದು ಸೆಟ್ಟನ್ನೇ ಬದಲಿಸುವುದು. ಇದಕ್ಕೆ ಕೆಲವು ಸಾವಿರ ಬೇಕು. ಅಂಗಡಿಯವರು ಸಿನಿಮಾ ತೋರಿಸುವ ದೊಡ್ಡ ಪರದೆಯ ಸೆಟ್ಟನ್ನೂ ಮುಂದಿಟ್ಟರು. ಮಗಳು ತಲೆಯಾಡಿಸಿದಳು: "ಬೇಡ ಅಣ್ಣ, ಅಪ್ಪ ರಸ್ತೆ ನೋಡಿದರೆ ಸಾಕು." ದೊಡ್ಡ ಗುಂಡಿ, ಚಿಕ್ಕ ಪರದೆಯ ಸಾದಾ ಸೆಟ್ಟು ಆಯ್ಕೆಯಾಯಿತು.

ಇಪ್ಪತ್ತು ವರ್ಷ ಹಳೆಯ ಕಾರಿನಲ್ಲಿ ಇಂದಿನ ಸೆಟ್ಟು ಕೂರುವುದಾದರೂ ಹೇಗೆ? ಜರ್ಮನಿಯ ಡಿನ್ ಎಂಬ ಅಳತೆಯ ಪುಣ್ಯ ಅದು. ಕಾರಿನ ಸ್ಟೀರಿಯೊದ ಮುಖ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ ಎಂದು ಅಲ್ಲಿ ಗೊತ್ತುಮಾಡಿದ್ದನ್ನು ಜಗತ್ತಿನ ಎಷ್ಟೋ ತಯಾರಕರು ಅನುಸರಿಸಿದರು. ಹುಡುಗ ಹಳೆಯ ಸೆಟ್ಟು ಎಳೆದು, ಹಿಂದಿನ ವೈರುಗಳನ್ನು ಪರೀಕ್ಷಿಸಿದ. ಹೊಸ ಸೆಟ್ಟಿನ ಕಪ್ಪು ವೈರು ಕಾರಿನ ಮೈಗೆ, ಹಳದಿಯದು ಬ್ಯಾಟರಿಯ 12 ವೋಲ್ಟಿಗೆ ಸದಾ, ಕೆಂಪಿನದು ಕೀಲಿ ತಿರುಗಿಸಿದಾಗ ಮಾತ್ರ. ಹಳದಿ ಸೆಟ್ಟಿನ ನೆನಪನ್ನು ಕಾಯುತ್ತದೆ, ಕೆಂಪು ಅದನ್ನು ಎಬ್ಬಿಸುತ್ತದೆ. ಎರಡನ್ನೂ ಬ್ಯಾಟರಿಗೇ ನೇರ ಸೇರಿಸಿದರೆ ಸೆಟ್ಟು ಮಲಗುವುದೇ ಇಲ್ಲ, ಬ್ಯಾಟರಿ ಸೋರುತ್ತದೆ. ಕೆಲಸ ಮುಗಿದ ಮೇಲೆ ಕೀಲಿ ತೆಗೆದು ಸೆಟ್ಟು ಆರುತ್ತದೆಯೇ ಎಂದು ನೋಡಿಯೇ ದುಡ್ಡು ಕೊಡುವುದು ಜಾಣತನ.

ಆಮೇಲೆ ಮೊಬೈಲಿಗೂ ಸೆಟ್ಟಿಗೂ ಪರಿಚಯ ಮಾಡಿಸುವ ಕೆಲಸ. ಬ್ಲೂಟೂತ್ ಎಂಬ ಹೆಸರು ಹತ್ತನೆಯ ಶತಮಾನದ ಡೆನ್ಮಾರ್ಕ್ ದೊರೆ ಹೆರಾಲ್ಡ್ ಬ್ಲೂಟೂತ್‌ನದು. ವೈರಿಲ್ಲದೆ ಯಂತ್ರಗಳನ್ನು ಜೋಡಿಸುವ ಕೆಲಸವನ್ನು ಸ್ವೀಡನ್ನಿನ ಎರಿಕ್‌ಸನ್ ಕಂಪನಿ 1994ರಲ್ಲಿ ಆರಂಭಿಸಿತು. ಹೆಸರನ್ನು 1997ರಲ್ಲಿ ಸೂಚಿಸಿದವರು ಇಂಟೆಲ್‌ನ ಜಿಮ್ ಕಾರ್ಡಾಕ್. ಇದು ಬಳಸುವುದು 2.4 ಗಿಗಾಹರ್ಟ್ಸ್ ಸುತ್ತಿನ ರೇಡಿಯೊ ಅಲೆಗಳನ್ನು. ವೈಫೈ, ಅಡುಗೆಮನೆಯ ಮೈಕ್ರೊವೇವ್ ಒಲೆ ಎಲ್ಲವೂ ಅದೇ ಓಣಿಯವು. ಆ ಗದ್ದಲದಲ್ಲಿ ಮಾತು ಕಳೆಯದಿರಲು ಸಂಕೇತ 79 ಕಿರುದಾರಿಗಳಲ್ಲಿ ಸೆಕೆಂಡಿಗೆ 1600 ಸಲ ಜಿಗಿಯುತ್ತದೆ. ಮುಂದಿನ ಜಿಗಿತ ಯಾವ ದಾರಿಗೆ ಎಂಬುದು ಜೋಡಿಯಾದ ಎರಡು ಯಂತ್ರಗಳಿಗೆ ಗೊತ್ತು. ಕುಂಟೆಬಿಲ್ಲೆಯ ಜೊತೆಗಾತಿಯರಿಬ್ಬರು ಒಂದೇ ತಾಳಕ್ಕೆ ಮನೆ ದಾಟಿದ ಹಾಗೆ.

ಹಾಡಿಗೂ ಕರೆಗೂ ವ್ಯವಸ್ಥೆ ಬೇರೆ. ಹಾಡು ಒಮ್ಮುಖವಾಗಿ, ತುಂಬಿ ಹರಿಯುತ್ತದೆ. ಕರೆ ಬಂದ ಕೂಡಲೆ ಹಾಡು ನಿಂತು, ಹೋಗಿಬರುವ ಎರಡು ದಾರಿ ತೆರೆಯುತ್ತದೆ. ಹುಡುಗ ಮೈಕನ್ನು ಚಾಲಕನ ಬಾಯಿಗೆ ಹತ್ತಿರವಾಗುವಂತೆ ಬಿಸಿಲುತಟ್ಟೆಯ ಪಕ್ಕ ಅಂಟಿಸಿದ. ಸ್ಪೀಕರಿನ ಸದ್ದು ಮೈಕಿಗೆ ಮರಳಿದರೆ ಆಚೆ ಬದಿಯವರಿಗೆ ತಮ್ಮದೇ ಮಾತು ಪ್ರತಿಧ್ವನಿಸುತ್ತದೆ. ಅದನ್ನು ಕಳೆಯುವುದು ಸೆಟ್ಟಿನ ಒಳಲೆಕ್ಕ. ತುಮಕೂರಿನ ಮನೆಗೆ ಕರೆ ಹೋಯಿತು. "ಚೆನ್ನಾಗಿ ಕೇಳಿಸ್ತಿದೆ ಕಣ್ರೀ, ಊಟಕ್ಕೆ ಬರ್ತೀರಾ?" ಎಂಬ ದನಿ ನಾಲ್ಕೂ ಬಾಗಿಲಿಂದ ಬಂತು.

ತಂದೆಗೆ ಹಿಗ್ಗು. "ಇನ್ನು ದಾರಿಯುದ್ದಕ್ಕೂ ಮಾತಾಡಬಹುದು ಬಿಡು." ಮಗಳು ಹಿಗ್ಗಲಿಲ್ಲ. "ಕೈ ಬಿಡುವಾಯ್ತು ಅಪ್ಪಾ, ತಲೆ?"

ಅವಳು ಕೇಳಿದ್ದು ಸರಿ. ಚಾಲಕ ಕೈಯಲ್ಲಿ ಮೊಬೈಲ್ ಹಿಡಿದು ಬಳಸುವುದು 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ವಿಧಿಯಲ್ಲಿ ಅಪಾಯಕಾರಿ ಚಾಲನೆ. ಆದರೆ ಕೈಯನ್ನು ತಡೆಯುವ ಕಾನೂನು ಮನಸ್ಸನ್ನು ಹಿಡಿದು ನಿಲ್ಲಿಸಲಾರದು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ವಿಲಿಯಂ ಜಾನ್‌ಸ್ಟನ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಾಲನೆಯನ್ನು ಹೋಲುವ ಕೆಲಸದ ನಡುವೆ ಮೊಬೈಲಿನಲ್ಲಿ ಮಾತಾಡಿದವರು ತಪ್ಪಿಸಿಕೊಂಡ ಸಂಕೇತಗಳು ಎರಡರಷ್ಟಾದವು. ಕೈಯಲ್ಲಿ ಹಿಡಿದರೂ ಅಷ್ಟೇ, ಹಿಡಿಯದಿದ್ದರೂ ಅಷ್ಟೇ. ರೇಡಿಯೊ ಕೇಳಿದವರಲ್ಲಿ ಆ ದೋಷ ಕಾಣಲಿಲ್ಲ. ಕೇಳುವುದು ಬೇರೆ, ಉತ್ತರ ಹುಡುಕುವುದು ಬೇರೆ.

ಪಕ್ಕದಲ್ಲಿ ಕೂತವರೊಡನೆ ಮಾತಾಡುವುದಿಲ್ಲವೇ ಎಂದು ಕೇಳಬಹುದು. ಪಕ್ಕದವರಿಗೆ ರಸ್ತೆ ಕಾಣುತ್ತದೆ. ಲಾರಿ ಅಡ್ಡ ಬಂದರೆ ಅವರೇ ಮಾತು ನಿಲ್ಲಿಸುತ್ತಾರೆ, "ಅಪ್ಪಾ, ಲಾರಿ!" ಎಂದು ಎಚ್ಚರಿಸುತ್ತಾರೆ. ಹಾಸ್ಟೆಲಿನ ಕೋಣೆಯಲ್ಲಿರುವ ಮಗಳಿಗೆ ಲಾರಿ ಕಾಣದು. ಆದ್ದರಿಂದ ಅರ್ಧ ಜವಾಬ್ದಾರಿ ಕರೆ ಮಾಡುವವರದು.

ಸಾಂಟ್ರೋ ಹೊರಡುವ ಮೊದಲು ಅಪ್ಪ ಮಗಳ ನಡುವೆ ಒಂದು ಒಪ್ಪಂದವಾಯಿತು. ಯಾರೇ ಕರೆ ಮಾಡಲಿ, ಮೊದಲ ಪ್ರಶ್ನೆ "ಗಾಡಿ ಓಡಿಸ್ತಿದ್ದೀರಾ?" ಹೌದೆಂದರೆ, ಅವಸರದ್ದೇನೂ ಇಲ್ಲದಿದ್ದರೆ ಅಲ್ಲಿಗೇ ಮುಗಿಸುವುದು.

ಮಗಳು ಹಾಸ್ಟೆಲಿಗೆ ಇಳಿದಳು. ಹಳೆಯ ಸೆಟ್ಟು, ಅದರ ಹೊಟ್ಟೆಯಲ್ಲಿದ್ದ ಕ್ಯಾಸೆಟ್ ಎರಡೂ ಚೀಲ ಸೇರಿದ್ದವು. ಅನಂತಸ್ವಾಮಿಯವರ ದನಿ ಈಗ ಮೊಬೈಲಿನಿಂದ ಹರಿಯುತ್ತಿತ್ತು. ನೆಲಮಂಗಲ ದಾಟಿದ ಮೇಲೆ ಹಾಡು ತಟ್ಟನೆ ನಿಂತು ರಿಂಗಾಯಿತು. ಮನೆಯಿಂದ.

"ಓಡಿಸ್ತಿದ್ದೀರಾ?"

"ಹೌದು. ದಾಬಸ್‌ಪೇಟೆಯಲ್ಲಿ ಟೀಗೆ ನಿಲ್ಲಿಸ್ತೀನಿ, ಆಗ ಮಾತಾಡೋಣ."

ನಿಂತ ಹಾಡು ಮತ್ತೆ ಮುಂದುವರಿಯಿತು.